ಕೊನೆಯ ಕ್ರೋಮೋಸೋಮ್ ಬರುವ ತನಕ ಕೋಶ ಕಾಯುತ್ತದೆ

(ಉಪನ್ಯಾಸದಲ್ಲಿ ಹೇಳಿದ್ದನ್ನೇ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಹಾಗಾಗಿ ಕೆಲವು ಕಡೆ ಮಾತು ಸ್ವಲ್ಪ ಜಾಸ್ತಿ ಆಗಿದೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಕೋಶ ವಿಭಜನೆ ಅಂದ ಕೂಡಲೇ ನಮಗೆ ನೆನಪಾಗುವುದು ಪಠ್ಯಪುಸ್ತಕದ ನಾಲ್ಕು ಚಿತ್ರ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್. ಹೆಸರು ಬಾಯಿಪಾಠ ಮಾಡುತ್ತೇವೆ, ಚಿತ್ರ ಬಿಡಿಸಿ ಭಾಗ ಗುರುತಿಸುತ್ತೇವೆ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೇವೆ. ಆ ಚಿತ್ರಗಳಲ್ಲಿ ತಪ್ಪೇನಿಲ್ಲ. ಆದರೆ ಚಿತ್ರದಲ್ಲಿ ಹೊತ್ತು ಕಾಣಿಸುವುದಿಲ್ಲ. ಯಾವ ಹಂತ ತಾನಾಗಿ ಉರುಳಿಕೊಂಡು ಹೋಗುತ್ತದೆ, ಎಲ್ಲಿ ಕೋಶ ನಿಂತು ನೋಡುತ್ತದೆ, ಎಲ್ಲಿಂದ ಮುಂದೆ ಹಿಂದಿರುಗುವ ದಾರಿ ಇಲ್ಲ, ಇದು ಯಾವುದೂ ಗೊತ್ತಾಗುವುದಿಲ್ಲ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಆ ನಿಲ್ಲುವ ಜಾಗದ ಬಗ್ಗೆ. ಎರಡಾಗುವುದು ಕೋಶಕ್ಕೆ ಅಷ್ಟು ಕಷ್ಟವಲ್ಲ. ಸರಿಯಾದ ಹೊತ್ತು ಬರುವ ತನಕ ತಡೆದುಕೊಳ್ಳುವುದು ಕಷ್ಟ.

ಮೊದಲು ಕೆಲಸ ಎಷ್ಟು ದೊಡ್ಡದು ಅಂತ ನೋಡೋಣ. ಮನುಷ್ಯನ ಒಂದು ಕೋಶದಲ್ಲಿ 46 ಕ್ರೋಮೋಸೋಮ್‌ಗಳಿವೆ. ಅವುಗಳ ಡಿಎನ್ಎಯನ್ನು ಬಿಡಿಸಿ ಒಂದರ ಮುಂದೆ ಒಂದು ಇಟ್ಟರೆ ಸುಮಾರು 2 ಮೀಟರ್ ಆಗುತ್ತದೆ. ಅದೆಲ್ಲ ತುಂಬಿಕೊಂಡಿರುವ ನ್ಯೂಕ್ಲಿಯಸ್ಸಿನ ಅಗಲವೋ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಒಡೆಯುವ ಮುಂಚೆ ಇಷ್ಟನ್ನೂ ನಕಲು ಮಾಡಬೇಕು, ಅಂದರೆ ಒಳಗೆ ಈಗ 4 ಮೀಟರ್. ಆಮೇಲೆ ಪ್ರತಿ ಕ್ರೋಮೋಸೋಮಿನ ಎರಡು ಪ್ರತಿಗಳಲ್ಲಿ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಹೋಗಬೇಕು. 45 ಜೋಡಿ ಸರಿಯಾಗಿ ಹಂಚಿಹೋಗಿ ಒಂದೇ ಒಂದು ಜೋಡಿ ಪೂರ್ತಿ ಒಂದೇ ಕಡೆಗೆ ಹೋಯಿತು ಅಂದುಕೊಳ್ಳಿ. ಒಂದು ಮರಿಕೋಶಕ್ಕೆ 47, ಇನ್ನೊಂದಕ್ಕೆ 45. ಎರಡೂ ಕೆಟ್ಟ ಹಾಗೆ. ನೂರಕ್ಕೆ 98 ಅಂಕ ತಗೊಂಡರೂ ಇಲ್ಲಿ ಫೇಲು.

ಆ ನಾಲ್ಕು ಚಿತ್ರ ಎಲ್ಲಿಂದ ಬಂದವು ಅನ್ನುವುದನ್ನೂ ಹೇಳಿಬಿಡುತ್ತೇನೆ. 1870ರ ದಶಕದ ಕೊನೆಯಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ವಾಲ್ಟರ್ ಫ್ಲೆಮಿಂಗ್ ಎಂಬ ಅಂಗರಚನಾ ಶಾಸ್ತ್ರಜ್ಞ ಸಲಮ್ಯಾಂಡರ್ ಮರಿಗಳ ಕಿವಿರು ಮತ್ತು ಈಜುರೆಕ್ಕೆಯ ಕೋಶಗಳನ್ನು ನೋಡುತ್ತಿದ್ದರು. ಸಲಮ್ಯಾಂಡರೇ ಯಾಕೆ ಅಂದರೆ ಅದರ ಕೋಶಗಳು ದೊಡ್ಡವು, ಕ್ರೋಮೋಸೋಮ್‌ಗಳೂ ದಪ್ಪ. ಆಗಷ್ಟೇ ಸಿಗತೊಡಗಿದ್ದ ಅನಿಲೀನ್ ಬಣ್ಣಗಳು ನ್ಯೂಕ್ಲಿಯಸ್ಸಿನೊಳಗಿನ ಎಳೆಗಳಿಗೆ ಚೆನ್ನಾಗಿ ಹತ್ತುತ್ತಿದ್ದವು. ತೊಂದರೆ ಏನಪ್ಪಾ ಅಂದರೆ, ಹಾಗೆ ಬಣ್ಣ ಹಾಕಿದ ಕೋಶ ಸತ್ತಿರುತ್ತದೆ. ಒಂದೊಂದು ಸ್ಲೈಡಿನಲ್ಲೂ ಒಂದೊಂದು ನಿಂತುಹೋದ ಕ್ಷಣ. ಅಂಥ ರಾಶಿ ರಾಶಿ ಕ್ಷಣಗಳನ್ನು ಇಟ್ಟುಕೊಂಡು, ಯಾವುದರ ನಂತರ ಯಾವುದು ಬರಬೇಕು ಅಂತ ಅವರು ಜೋಡಿಸಿದರು. ಜೀವಂತ ಕೋಶಗಳಲ್ಲೂ ನೋಡಿ ಆ ಕ್ರಮವನ್ನು ತಾಳೆ ಹಾಕಿದರು. ಎಳೆಗಳು ಅಡ್ಡಕ್ಕೆ ತುಂಡಾಗುವುದಿಲ್ಲ, ಉದ್ದಕ್ಕೆ ಸೀಳಿ ಎರಡಾಗುತ್ತವೆ ಅಂತ ಕಂಡುಕೊಂಡವರೂ ಅವರೇ. 1882ರಲ್ಲಿ ಬಂದ ಅವರ ಪುಸ್ತಕದ ಚಿತ್ರಗಳನ್ನು ಇವತ್ತಿನ ಪಠ್ಯದ ಪಕ್ಕ ಇಟ್ಟರೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಅದು ಅವರ ಕಣ್ಣಿಗೆ ಸಲ್ಲಬೇಕಾದ ಹೊಗಳಿಕೆ. ನಮ್ಮ ಪಠ್ಯಗಳಿಗೆ ಹೊಗಳಿಕೆ ಅಂತ ನಾನು ಹೇಳಲಾರೆ.

ಈಗ ಕೋಶದೊಳಗೆ ಹೋಗೋಣ.

ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯರ ಕೋಶವೊಂದು ಸಾಮಾನ್ಯವಾಗಿ 24 ಗಂಟೆಗೊಮ್ಮೆ ಎರಡಾಗುತ್ತದೆ. ಅದರಲ್ಲಿ ಮೈಟಾಸಿಸ್ ಅಂತ ಕರೆಯುವ ಭಾಗ, ಅಂದರೆ ಆ ನಾಲ್ಕು ಚಿತ್ರದ ಭಾಗ, ಸುಮಾರು ಒಂದು ಗಂಟೆ ಅಷ್ಟೇ. ಉಳಿದ 23 ಗಂಟೆಗೆ ಹಿಂದೆ 'ವಿಶ್ರಾಂತಿ ಹಂತ' ಅನ್ನುತ್ತಿದ್ದರು. ಸುಮ್ನೆ ಕೂತಿರುವುದಕ್ಕೆ ಅದೇನು ರಜೆಯಲ್ಲ. ಕೋಶ ಬೆಳೆಯುವುದು, ಪ್ರೋಟೀನ್ ಮಾಡಿಕೊಳ್ಳುವುದು, ಡಿಎನ್ಎ ನಕಲು ಮಾಡುವುದು ಎಲ್ಲ ಆಗಲೇ. ನಕಲಿಗೇ ಏಳೆಂಟು ಗಂಟೆ ಬೇಕು. ಈ ನಕಲಿನ ಹೊತ್ತಿನಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ, ಅದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಳೆಯ ಎಳೆ ಮತ್ತು ಅದರ ನಕಲು ಬೇರೆ ಬೇರೆ ಆಗಿ ತೇಲಿಹೋಗದ ಹಾಗೆ, ಎರಡನ್ನೂ ಸೇರಿಸಿ ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳು ಸುತ್ತುವರಿಯುತ್ತವೆ. ಹೀಗೆ ಅಂಟಿಕೊಂಡೇ ಇರುವ ಎರಡು ಪ್ರತಿಗಳನ್ನು ಸೋದರಿ ಕ್ರೊಮ್ಯಾಟಿಡ್‌ಗಳು ಅನ್ನುತ್ತಾರೆ.

ಪ್ರೊಫೇಸ್ ಶುರುವಾದಾಗ ಕಣ್ಣಿಗೆ ಕಾಣುವ ಮೊದಲ ಬದಲಾವಣೆ ಅಂದರೆ ಎಳೆಗಳು ಮಡಚಿಕೊಂಡು ದಪ್ಪ ಆಗುವುದು. ನಮ್ಮ 1ನೇ ಕ್ರೋಮೋಸೋಮಿನ ಡಿಎನ್ಎ ಬಿಡಿಸಿದರೆ 8 ಸೆಂಟಿಮೀಟರಿಗಿಂತ ಉದ್ದ. ಅದು ಮಡಚಿ ಮಡಚಿ ಮಿಲಿಮೀಟರಿನ ನೂರನೇ ಭಾಗದಷ್ಟು ಗಿಡ್ಡ ಆಗುತ್ತದೆ. ಇದರಲ್ಲಿ ದೊಡ್ಡ ಪಾಲು ಕಂಡೆನ್ಸಿನ್ ಎಂಬ ಪ್ರೋಟೀನಿನದು, ಅದು ಡಿಎನ್ಎಯನ್ನು ಕುಣಿಕೆ ಕುಣಿಕೆಯಾಗಿ ಎಳೆದುಕೊಳ್ಳುತ್ತದೆ. ಇಷ್ಟು ಬಿಗಿಯಾದ ಮೇಲೆ ಜೀನ್‌ಗಳನ್ನು ಓದುವ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನ್ಯೂಕ್ಲಿಯಸ್ಸಿನೊಳಗೆ ಚುಕ್ಕೆಯ ಹಾಗೆ ಕಾಣುವ ನ್ಯೂಕ್ಲಿಯೋಲಸ್ ಮಾಯವಾಗುತ್ತದೆ. ಚಪ್ಪಟೆಯಾಗಿ ಅಂಟಿಕೊಂಡಿದ್ದ ಕೋಶ ಗುಂಡಗಾಗುತ್ತದೆ. ನ್ಯೂಕ್ಲಿಯಸ್ಸಿನ ಹೊರಗೆ ಎರಡು ಸೆಂಟ್ರೊಸೋಮ್‌ಗಳು ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ. ಮುಂದೆ ಎರಡು ಧ್ರುವಗಳಾಗುವುದು ಇವೇ.

ಇನ್ನು ಶಾಲೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಗವೇ ಸಿಗದ ಒಂದು ಹಂತ ಇದೆ, ಪ್ರೊಮೆಟಾಫೇಸ್. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಇಲ್ಲಿರುವುದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನ್ಯೂಕ್ಲಿಯಸ್ಸಿನ ಪೊರೆ ಒಡೆದುಹೋಗುತ್ತದೆ. ಅಷ್ಟು ಹೊತ್ತು ಒಳಗಿದ್ದ ಕ್ರೋಮೋಸೋಮ್‌ಗಳು ಈಗ ಬಯಲಿಗೆ ಬಿದ್ದವು. ಎರಡು ಧ್ರುವಗಳಿಂದ ಮೈಕ್ರೋಟ್ಯೂಬ್ಯೂಲ್ ಎಂಬ ಸಣ್ಣ ಸಣ್ಣ ಕೊಳವೆಗಳು ಹೊರಡುತ್ತವೆ. ಪಠ್ಯದಲ್ಲಿ 'ಕದಿರಿನ ಎಳೆಗಳು' ಅಂತ ಗೆರೆ ಎಳೆದು ಗುರುತಿಸುವುದು ಇವನ್ನೇ. ಚಿತ್ರ ನೋಡಿದರೆ ಯಾರೋ ಅಳತೆ ಮಾಡಿ ಕಟ್ಟಿದ ದಾರದ ಹಾಗಿರುತ್ತದೆ. ನಿಜದಲ್ಲಿ ಅವುಗಳಿಗೆ ಕ್ರೋಮೋಸೋಮ್ ಎಲ್ಲಿದೆ ಅಂತಲೇ ಗೊತ್ತಿಲ್ಲ. ಕತ್ತಲೆ ಕೋಣೆಯಲ್ಲಿ ಗೋಡೆ ತಡವುತ್ತಾ ಸ್ವಿಚ್ ಹುಡುಕುತ್ತೇವಲ್ಲ, ಹಾಗೆ ಹುಡುಕುತ್ತವೆ. ಒಂದು ಕೊಳವೆ ಯಾವುದೋ ದಿಕ್ಕಿಗೆ ಉದ್ದ ಬೆಳೆಯುತ್ತದೆ, ಏನೂ ಸಿಗದಿದ್ದರೆ ಇದ್ದಕ್ಕಿದ್ದ ಹಾಗೆ ಕುಸಿದು ಗಿಡ್ಡ ಆಗುತ್ತದೆ, ಮತ್ತೆ ಬೇರೆ ದಿಕ್ಕಿಗೆ ಬೆಳೆಯುತ್ತದೆ. ಮೈಕ್ರೋಟ್ಯೂಬ್ಯೂಲ್‌ನ ಈ ಚಂಚಲ ಸ್ವಭಾವವನ್ನು 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕರ್ಶ್ನರ್ ತೋರಿಸಿಕೊಟ್ಟರು. ಕಟ್ಟಿದ್ದನ್ನು ಕೆಡವುತ್ತಾ ಕೂರುವುದು ದಂಡ ಅನಿಸಬಹುದು, ಅಲ್ವಾ? ಆದರೆ ಸಿಕ್ಕದ ಕಡೆಯಿಂದ ಬೇಗ ವಾಪಸ್ ಬರದೆ ಇದ್ದರೆ ಸಿಗುವ ಕಡೆಗೆ ಹೋಗುವುದು ಹೇಗೆ?

ಪ್ರತಿ ಕ್ರೋಮೋಸೋಮಿನ ನಡುವಿನ ಭಾಗದಲ್ಲಿ, ಒಬ್ಬೊಬ್ಬ ಸೋದರಿಗೂ ಒಂದೊಂದರಂತೆ, ಕೈನೆಟೋಕೋರ್ ಎಂಬ ಹಿಡಿಕೆ ಇರುತ್ತದೆ. ನೂರಾರು ಪ್ರೋಟೀನ್ ತುಣುಕುಗಳು ಸೇರಿ ಆದದ್ದು. ತಡವುತ್ತಾ ಬಂದ ಕೊಳವೆ ಅದಕ್ಕೆ ತಾಗಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಮನುಷ್ಯರ ಕೋಶದಲ್ಲಿ ಒಂದು ಕೈನೆಟೋಕೋರಿಗೆ 15ರಿಂದ 20ರಷ್ಟು ಕೊಳವೆಗಳು ಹಿಡಿದುಕೊಳ್ಳುತ್ತವೆ, ಬ್ರೆಡ್ ಮಾಡುವ ಯೀಸ್ಟಿನಲ್ಲಿ ಒಂದೇ ಒಂದು.

ಇಷ್ಟರಿಂದ ಕೆಲಸ ಮುಗಿಯುವುದಿಲ್ಲ. ಒಬ್ಬ ಸೋದರಿಗೆ ಎಡ ಧ್ರುವದ ಕೊಳವೆ, ಇನ್ನೊಬ್ಬಳಿಗೆ ಬಲ ಧ್ರುವದ ಕೊಳವೆ ಸಿಗಬೇಕು. ತಡವಿ ಹುಡುಕುವಾಗ ಇಬ್ಬರಿಗೂ ಎಡದ ಕೊಳವೆಯೇ ಸಿಕ್ಕಿಬಿಡಬಹುದು. ಆಗಾಗ ಸಿಗುತ್ತದೆ ಕೂಡ. ಕೋಶಕ್ಕೆ ಕಣ್ಣಿಲ್ಲ, ಲೆಕ್ಕ ಬರುವುದಿಲ್ಲ. ತಪ್ಪಾಗಿದೆ ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಉತ್ತರ ಎಳೆತದಲ್ಲಿದೆ. ಎರಡೂ ಕಡೆಯಿಂದ ಸರಿಯಾಗಿ ಹಿಡಿದಿದ್ದರೆ, ನಡುವೆ ಕೊಹೆಸಿನ್ ಉಂಗುರಗಳು ಬಿಡದೆ ಹಿಡಿದಿರುವುದರಿಂದ, ಕ್ರೋಮೋಸೋಮ್ ಬಿಗಿಯಾಗುತ್ತದೆ. ಇಬ್ಬರನ್ನೂ ಒಂದೇ ಕಡೆ ಎಳೆದರೆ ಬಿಗಿ ಬರುವುದಿಲ್ಲ, ಎರಡೂ ಒಟ್ಟಿಗೆ ಆ ಕಡೆ ಸರಿಯುತ್ತವೆ ಅಷ್ಟೇ. ಬಿಗಿ ಇಲ್ಲದ ಹಿಡಿತವನ್ನು ಅರೋರಾ ಬಿ ಎಂಬ ಕಿಣ್ವ ಸಡಿಲ ಮಾಡಿ ಬಿಡಿಸುತ್ತದೆ. ಮತ್ತೆ ಹುಡುಕಾಟ. ತಪ್ಪು ಹಿಡಿತ ಬಾಳುವುದಿಲ್ಲ, ಸರಿ ಹಿಡಿತ ಉಳಿದುಕೊಳ್ಳುತ್ತದೆ. ಸರಿ ಯಾವುದು ಅಂತ ಮೊದಲೇ ಗೊತ್ತಿರಬೇಕಾದ ಅಗತ್ಯವೇ ಇಲ್ಲದ ಏರ್ಪಾಟು ಇದು, ನನಗಂತೂ ಇದಕ್ಕಿಂತ ಜಾಣ ಉಪಾಯ ಜೀವಶಾಸ್ತ್ರದಲ್ಲಿ ಕಂಡಿಲ್ಲ.

ಇದೆಲ್ಲ ಹೇಗೆ ಗೊತ್ತಾಯಿತು? ಎರಡು ಪ್ರಯೋಗ ಹೇಳುತ್ತೇನೆ, ಎರಡೂ 1995ರಲ್ಲಿ ಪ್ರಕಟವಾದವು. ಮೊದಲನೆಯದು ಬ್ರೂಸ್ ನಿಕ್ಲಾಸ್ ಅವರ ಪ್ರಯೋಗಾಲಯದ್ದು. ಅವರು ತಗೊಂಡದ್ದು ಪ್ರಾರ್ಥನಾ ಕೀಟದ ವೀರ್ಯಾಣು ತಯಾರಾಗುವ ಕೋಶ. ಅಲ್ಲಿ ನಡೆಯುವುದು ಮಿಯಾಸಿಸ್, ಅಂದರೆ ವೀರ್ಯಾಣು, ಅಂಡಾಣು ತಯಾರಾಗುವಾಗಿನ ಬೇರೆ ಬಗೆಯ ವಿಭಜನೆ, ನಿಜ, ಆದರೆ ಹಿಡಿತ ಪರೀಕ್ಷಿಸುವ ವಿಧಾನ ಅದೇ. ಆ ಕೋಶಗಳಲ್ಲಿ ಕೆಲವೊಮ್ಮೆ ಒಂದು ಕ್ರೋಮೋಸೋಮ್ ಜೋಡಿ ತಪ್ಪಿ ಒಂಟಿಯಾಗಿ ಒಂದೇ ಧ್ರುವಕ್ಕೆ ಅಂಟಿಕೊಂಡಿರುತ್ತದೆ. ಇನ್ನೊಂದು ಕಡೆಯಿಂದ ಎಳೆತವೇ ಇಲ್ಲ. ಅಂಥ ಕೋಶ ಗಂಟೆಗಟ್ಟಲೆ ಮುಂದೆ ಹೋಗುವುದೇ ಇಲ್ಲ. ಅವರು ಏನು ಮಾಡಿದರು ಅಂದರೆ, ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ಎಷ್ಟೋ ಸಣ್ಣ ಮೊನೆಯ ಗಾಜಿನ ಸೂಜಿಯಿಂದ ಆ ಒಂಟಿ ಕ್ರೋಮೋಸೋಮನ್ನು ಹಿಡಿದು ಇನ್ನೊಂದು ದಿಕ್ಕಿಗೆ ಎಳೆದು ಹಿಡಿದರು. ಎಳೆತ ಬಂದದ್ದು ಸೂಜಿಯಿಂದ. ಆದರೂ ಕೋಶ ಅದನ್ನು ನಂಬಿತು. ತಡೆ ತೆಗೆದು ಮುಂದಿನ ಹಂತಕ್ಕೆ ಹೋಯಿತು.

ಎರಡನೆಯದು ಕಾನ್ಲಿ ರೀಡರ್ ಮತ್ತು ಸಂಗಡಿಗರದು. ಪೊಟೊರೂ ಎಂಬ ಸಣ್ಣ ಕಾಂಗರೂ ಜಾತಿಯ ಪ್ರಾಣಿಯ ಮೂತ್ರಪಿಂಡದ ಕೋಶಗಳು ಇದಕ್ಕೆ ಹೇಳಿಮಾಡಿಸಿದ ಹಾಗಿವೆ, ಒಡೆಯುವಾಗಲೂ ಚಪ್ಪಟೆಯಾಗೇ ಇರುತ್ತವೆ, ಕ್ರೋಮೋಸೋಮ್‌ಗಳೂ ಕಡಿಮೆ. ಎಲ್ಲ ಕ್ರೋಮೋಸೋಮ್‌ಗಳೂ ನಡುವೆ ಸಾಲಾಗಿ ನಿಂತು, ಒಂದು ಮಾತ್ರ ಇನ್ನೂ ದೂರದಲ್ಲಿ ಒಂದು ಕಡೆ ಹಿಡಿತ ಸಿಗದೆ ಉಳಿದಿರುವ ಕೋಶವನ್ನು ಆರಿಸಿಕೊಂಡರು. ಆ ಹಿಡಿತ ಸಿಗದ ಕೈನೆಟೋಕೋರನ್ನು ಮಾತ್ರ ಲೇಸರಿನಿಂದ ಸುಟ್ಟರು. ಏನಾಗಬೇಕಿತ್ತು? ಕ್ರೋಮೋಸೋಮ್ ಇನ್ನೂ ಜಾಗಕ್ಕೆ ಬಂದಿಲ್ಲ, ಈಗಂತೂ ಬರುವ ಸಾಧ್ಯತೆಯೇ ಇಲ್ಲ. ಕೋಶ ಇನ್ನೂ ಕಾಯಬೇಕಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ಅದು ಅನಾಫೇಸಿಗೆ ಹೋಗಿಬಿಟ್ಟಿತು.

ಇದರ ಅರ್ಥ ಏನು ಅಂತ ಯೋಚಿಸಿ. 'ಎಲ್ಲ ಸರಿ ಇದೆ, ಹೊರಡಿ' ಅಂತ ಹೇಳುವವರು ಕೋಶದಲ್ಲಿ ಯಾರೂ ಇಲ್ಲ. ಹಿಡಿತ ಸಿಗದ ಪ್ರತಿಯೊಂದು ಕೈನೆಟೋಕೋರೂ 'ನಿಲ್ಲಿ, ನಿಲ್ಲಿ' ಅಂತ ಸಂಕೇತ ಕಳಿಸುತ್ತಿರುತ್ತದೆ. ಮ್ಯಾಡ್2 ಮತ್ತು ಅದರ ಜೊತೆಗಾರ ಪ್ರೋಟೀನ್‌ಗಳು ಆ ಸಂಕೇತವನ್ನು ಕೋಶವೆಲ್ಲ ಹರಡುತ್ತವೆ. ಒಂದೇ ಒಂದು ಕೈನೆಟೋಕೋರ್ ಉಳಿದಿದ್ದರೂ ಇಡೀ ಕೋಶವನ್ನು ತಡೆಯುವಷ್ಟು ಅದು ಜೋರಾಗಿರುತ್ತದೆ. ಕೊನೆಯದಕ್ಕೂ ಹಿಡಿತ ಸಿಕ್ಕಾಗ ಗದ್ದಲ ನಿಲ್ಲುತ್ತದೆ. ಹೊರಡಲು ಅಷ್ಟು ಸಾಕು. ಲೇಸರ್ ಪ್ರಯೋಗದಲ್ಲಿ ಕೂಗುವವನನ್ನೇ ಇಲ್ಲವಾಗಿಸಿದ್ದರಿಂದ ಕೋಶ ಮೋಸಹೋಯಿತು.

ಮೆಟಾಫೇಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಂತ ಹಾಗೆ ಕಾಣುವ ಹಂತ ಅದು. ವಿಡಿಯೋ ನೋಡಿದರೆ ಅವು ನಿಂತಿರುವುದೇ ಇಲ್ಲ, ಆ ಕಡೆ ಈ ಕಡೆ ಜಗ್ಗಾಡುತ್ತಲೇ ಇರುತ್ತವೆ. ಹೇಳಬೇಕಾದ ಇನ್ನೊಂದು ಮಾತು ಅಂದರೆ, ಈ ಕೊಳವೆಗಳೆಲ್ಲ ಸೇರಿ ಆಗುವ ಕದಿರು ನಿಜವಾಗಿ ಇದೆಯೇ ಅಥವಾ ಬಣ್ಣ ಹಾಕುವಾಗ ಆಗುವ ಕಲೆಯೇ ಅಂತ 20ನೇ ಶತಮಾನದ ನಡುವಿನ ತನಕ ಜಗಳವಿತ್ತು. ಷಿನ್ಯಾ ಇನೌಯೆ ತಾವೇ ಸುಧಾರಿಸಿದ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಜೀವಂತ ಕೋಶದಲ್ಲೇ ಅದನ್ನು ತೋರಿಸಿದ್ದು 1950ರ ದಶಕದ ಆರಂಭದಲ್ಲಿ. ತಣ್ಣಗೆ ಮಾಡಿದರೆ ಕದಿರು ಕರಗುತ್ತಿತ್ತು, ಬೆಚ್ಚಗೆ ಮಾಡಿದರೆ ಮತ್ತೆ ಕಟ್ಟಿಕೊಳ್ಳುತ್ತಿತ್ತು.

ಗದ್ದಲ ನಿಂತ ಮೇಲೆ ನಡೆಯುವುದು ಬಹಳ ಬೇಗ. ಎಪಿಸಿ ಎಂಬ ದೊಡ್ಡ ಪ್ರೋಟೀನ್ ಯಂತ್ರಕ್ಕೆ ಅಷ್ಟು ಹೊತ್ತು ಇದ್ದ ತಡೆ ಹೋಗುತ್ತದೆ. ಅದು ಸೆಕ್ಯೂರಿನ್ ಎಂಬ ಪ್ರೋಟೀನಿಗೆ 'ಇದನ್ನು ನಾಶ ಮಾಡಿ' ಅಂತ ಗುರುತು ಹಾಕುತ್ತದೆ. ಸೆಕ್ಯೂರಿನ್ ಇಷ್ಟು ಹೊತ್ತು ಸೆಪರೇಸ್ ಎಂಬ ಕತ್ತರಿ ಕಿಣ್ವವನ್ನು ಹಿಡಿದಿಟ್ಟಿತ್ತು. ಸೆಕ್ಯೂರಿನ್ ಹೋದ ಕೂಡಲೇ ಸೆಪರೇಸ್ ಬಿಡುಗಡೆಯಾಗಿ ಕೊಹೆಸಿನ್ ಉಂಗುರಗಳನ್ನು ಕತ್ತರಿಸುತ್ತದೆ. ನಕಲು ಮಾಡುವಾಗ ಹಾಕಿಕೊಂಡ ಉಂಗುರಗಳೇ ಇವು. 46 ಜೋಡಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಬಿಟ್ಟುಕೊಳ್ಳುತ್ತವೆ. ಇದು ಅನಾಫೇಸ್. ಇಲ್ಲಿಂದ ವಾಪಸ್ ಬರುವ ಹಾಗಿಲ್ಲ. ಸಡಿಲವಾದ ಹಿಡಿತವನ್ನು ಮತ್ತೆ ಕಟ್ಟಬಹುದು, ಕತ್ತರಿಸಿದ ಪ್ರೋಟೀನನ್ನು ಮತ್ತೆ ಬೆಸೆಯಲು ಆಗುವುದಿಲ್ಲ. ಮುಂಚೆ ಅಷ್ಟೊಂದು ಕಾದದ್ದು ಇದಕ್ಕೇ.

ಎಪಿಸಿ ಇದೇ ಹೊತ್ತಿಗೆ ಸೈಕ್ಲಿನ್ ಎಂಬ ಇನ್ನೊಂದು ಪ್ರೋಟೀನನ್ನೂ ನಾಶಕ್ಕೆ ಕಳಿಸುತ್ತದೆ. ಕೋಶವನ್ನು ಮೈಟಾಸಿಸ್ಸಿಗೆ ತಳ್ಳಿದ್ದು, ಇಷ್ಟು ಹೊತ್ತು ಅದರಲ್ಲೇ ಇರಿಸಿದ್ದು ಸೈಕ್ಲಿನ್ ಮತ್ತು ಅದರ ಜೊತೆಗಿರುವ ಕಿಣ್ವ. 1982ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಾಗರ ಪ್ರಯೋಗಾಲಯದಲ್ಲಿ ಟಿಮ್ ಹಂಟ್ ಕಡಲ ಅರ್ಚಿನ್‌ನ ಮೊಟ್ಟೆಗಳಲ್ಲಿ ಪ್ರೋಟೀನ್ ತಯಾರಿಕೆ ನೋಡುತ್ತಿದ್ದಾಗ, ಒಂದು ಪ್ರೋಟೀನ್ ಮಾತ್ರ ಏರುತ್ತಾ ಹೋಗಿ ಪ್ರತಿ ವಿಭಜನೆಯ ಹೊತ್ತಿಗೆ ಥಟ್ಟನೆ ಮಾಯವಾಗುತ್ತಿತ್ತು. ಅದೇ ಸೈಕ್ಲಿನ್. 2001ರ ನೊಬೆಲ್ ಬಹುಮಾನ ಅವರಿಗೆ, ಲೀಲ್ಯಾಂಡ್ ಹಾರ್ಟ್‌ವೆಲ್‌ಗೆ ಮತ್ತು ಪಾಲ್ ನರ್ಸ್‌ಗೆ ಹಂಚಿಹೋಯಿತು.

ಕ್ರೋಮೋಸೋಮ್‌ಗಳು ಧ್ರುವದ ಕಡೆ ಹೋಗುವ ವೇಗ ಸುಮಾರು ನಿಮಿಷಕ್ಕೆ ಒಂದು ಮೈಕ್ರೋಮೀಟರ್. ಆ ವೇಗದಲ್ಲಿ ಒಂದು ಮಿಲಿಮೀಟರ್ ದಾಟಲು 16 ಗಂಟೆಗೂ ಜಾಸ್ತಿ ಬೇಕು. ಕೋಶ ಅಷ್ಟು ಸಣ್ಣದಿರುವುದರಿಂದ ಕೆಲವೇ ನಿಮಿಷ ಸಾಕಾಗುತ್ತದೆ. ಇನ್ನೊಂದು ವಿಚಿತ್ರ ಅಂದರೆ, ಕೈನೆಟೋಕೋರ್ ಹಿಡಿದಿರುವ ತುದಿಯಲ್ಲೇ ಕೊಳವೆ ಕಳಚಿಕೊಂಡು ಗಿಡ್ಡ ಆಗುತ್ತಿರುತ್ತದೆ. ಹಿಡಿದ ಜಾಗವೇ ಕರಗುತ್ತಿದ್ದರೂ ಹಿಡಿತ ಬಿಡುವುದಿಲ್ಲ.

ಟೀಲೋಫೇಸಿನಲ್ಲಿ ಶುರುವಿನಲ್ಲಿ ಆದದ್ದೆಲ್ಲ ತಿರುಗಿ ನಡೆಯುತ್ತದೆ. ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ, ಎಳೆಗಳು ಬಿಚ್ಚಿಕೊಳ್ಳುತ್ತವೆ. ಪ್ರಾಣಿಗಳಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಸೇರಿದ ಪಟ್ಟಿಯೊಂದು ಕೋಶದ ನಡುವನ್ನು ಹಿಸುಕಿ ಎರಡು ಮಾಡುತ್ತದೆ. ಸಸ್ಯಗಳಲ್ಲಿ ಗೋಡೆ ಗಟ್ಟಿ ಇರುವುದರಿಂದ ಹಿಸುಕಲು ಆಗುವುದಿಲ್ಲ, ನಡುವಿನಿಂದ ಹೊರಗಡೆಗೆ ಹೊಸ ಗೋಡೆ ಬೆಳೆಯುತ್ತದೆ. ಈ ಕೊನೆಯ ಭಾಗ ಕಡ್ಡಾಯವೇನೂ ಅಲ್ಲ. ಡ್ರೊಸೊಫಿಲಾ ನೊಣದ ಎಳೆಯ ಭ್ರೂಣದಲ್ಲಿ ನ್ಯೂಕ್ಲಿಯಸ್‌ಗಳು 13 ಸುತ್ತು ಎರಡೆರಡಾಗುತ್ತವೆ, ನಡುವೆ ಗೋಡೆಯೂ ಇಲ್ಲ ಪೊರೆಯೂ ಇಲ್ಲ, ಎಲ್ಲ ಒಂದೇ ಕೋಶರಸದಲ್ಲಿ.

ಇನ್ನು ಪ್ರಶ್ನೆಗಳು.

ಕ್ಯಾನ್ಸರಿಗೂ ಇದಕ್ಕೂ ಏನು ಸಂಬಂಧ ಅಂತ ಒಬ್ಬರು ಕೇಳಿದರು. ಹಳೆಯ ಸಂಬಂಧ. ಥಿಯೊಡೋರ್ ಬೋವೆರಿ 1902ರಲ್ಲೇ ಎರಡು ವೀರ್ಯಾಣು ಹೊಕ್ಕ ಅರ್ಚಿನ್ ಮೊಟ್ಟೆಗಳಲ್ಲಿ ಕ್ರೋಮೋಸೋಮ್‌ಗಳು ಅಡ್ಡಾದಿಡ್ಡಿ ಹಂಚಿಹೋಗಿ ಭ್ರೂಣ ಕೆಡುವುದನ್ನು ತೋರಿಸಿದ್ದರು. 1914ರಲ್ಲಿ ಗೆಡ್ಡೆಗಳಿಗೂ ಇಂಥ ತಪ್ಪು ಹಂಚಿಕೆಯೇ ಕಾರಣ ಇರಬಹುದು ಅಂತ ಬರೆದರು. ಇವತ್ತು ಬಹುಪಾಲು ಗಟ್ಟಿ ಗೆಡ್ಡೆಗಳಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದು ಗೊತ್ತಿದೆ. ಡೌನ್ ಸಿಂಡ್ರೋಮ್ ಕೂಡ ಇದೇನಾ ಅಂದರೆ, ಅದು ಹೆಚ್ಚಾಗಿ ಅಂಡಾಣು ತಯಾರಾಗುವಾಗ, ಅಂದರೆ ಮಿಯಾಸಿಸ್ಸಿನಲ್ಲಿ ಆಗುವ ತಪ್ಪು. ಅದನ್ನು ಇದರ ಜೊತೆ ಬೆರೆಸಬೇಡಿ.

ಕೀಮೋ ತಗೊಂಡವರ ಕೂದಲು ಯಾಕೆ ಉದುರುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ನಿತ್ಯಪುಷ್ಪ ಗಿಡದಿಂದ ಬರುವ ಕೀಮೋ ಔಷಧಿ ವಿನ್‌ಕ್ರಿಸ್ಟೀನ್ ಮೈಕ್ರೋಟ್ಯೂಬ್ಯೂಲ್ ಕಟ್ಟಿಕೊಳ್ಳದಂತೆ ಮಾಡುತ್ತದೆ. ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕ ಟ್ಯಾಕ್ಸಾಲ್ ಇದಕ್ಕೆ ತದ್ವಿರುದ್ಧ, ಕಟ್ಟಿದ್ದು ಬಿಚ್ಚದಂತೆ ಮಾಡುತ್ತದೆ ಅಂತ 1979ರಲ್ಲಿ ಸೂಸನ್ ಹಾರ್ವಿಟ್ಸ್ ತೋರಿಸಿದರು. ಕಟ್ಟದಿದ್ದರೂ ಕಷ್ಟ, ಬಿಚ್ಚದಿದ್ದರೂ ಕಷ್ಟ. ಎರಡರಲ್ಲೂ ಸರಿಯಾದ ಹಿಡಿತ ಸಿಗುವುದಿಲ್ಲ, ಕೋಶ ಕಾಯುತ್ತಾ ಸಿಕ್ಕಿಬೀಳುತ್ತದೆ. ಬೇಗ ಬೇಗ ಒಡೆಯುವ ಕೋಶಗಳಿಗೆ ಪೆಟ್ಟು ಜಾಸ್ತಿ. ಕೂದಲಿನ ಬುಡದ ಕೋಶಗಳೂ ಬೇಗ ಒಡೆಯುವವೇ, ಔಷಧಿಗೆ ಭೇದ ಗೊತ್ತಾಗುವುದಿಲ್ಲ. ಅಂದ ಹಾಗೆ, ನಮ್ಮಲ್ಲಿ 46 ಕ್ರೋಮೋಸೋಮ್ ಇವೆ ಅಂತ ಎಣಿಸಲು ಆದದ್ದೂ ಇದೇ ಜಾತಿಯ ವಸ್ತುವಿನಿಂದ. ಅದಕ್ಕೂ ಮುಂಚೆ ಮೂರು ದಶಕ 48 ಅಂತಲೇ ನಂಬಿದ್ದರು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಕಾಲ್ಚಿಸಿನ್ ಹಾಕಿ ಕೋಶಗಳನ್ನು ಮೆಟಾಫೇಸಿನಲ್ಲೇ ನಿಲ್ಲಿಸಿ, ಉಬ್ಬಿಸಿ ಹರಡಿ ಎಣಿಸಿ, 1956ರಲ್ಲಿ 46 ಅಂತ ಪ್ರಕಟಿಸಿದರು.

ಕೊನೆಗೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿತ್ತು. ಕೋಶ ಎಷ್ಟು ಹೊತ್ತು ಅಂತ ಕಾಯುತ್ತದೆ? ಕಾದು ಕಾದು ಸಾಕಾದರೆ?

ಎಂದೆಂದಿಗೂ ಕಾಯಲು ಆಗುವುದಿಲ್ಲ. ತಡೆ ಇದ್ದರೂ ಸೈಕ್ಲಿನ್ ಸ್ವಲ್ಪ ಸ್ವಲ್ಪವೇ ಸೋರಿಹೋಗುತ್ತಿರುತ್ತದೆ. ಹಲವು ಗಂಟೆ ಕಳೆದ ಮೇಲೆ ಕೋಶ ಅಲ್ಲೇ ಸಾಯಬಹುದು, ಇಲ್ಲವೇ ಹಂಚಿಕೆ ಮಾಡದೆಯೇ ಮೈಟಾಸಿಸ್ಸಿನಿಂದ ಜಾರಿಕೊಂಡು ಹೊರಬಂದು ಎರಡರಷ್ಟು ಕ್ರೋಮೋಸೋಮ್ ಇಟ್ಟುಕೊಂಡು ಉಳಿಯಬಹುದು. ಒಂದೇ ಜಾತಿಯ ಕೋಶಗಳಲ್ಲೂ ಕೆಲವು ಸಾಯುತ್ತವೆ, ಕೆಲವು ಜಾರಿಕೊಳ್ಳುತ್ತವೆ.

ಇದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. ಕಾದದ್ದು ತಡವಾದರೂ ಕೊನೆಗೆ ಹಂಚಿಕೆ ಸರಿಯಾಗೇ ಆಯಿತು ಅಂದುಕೊಳ್ಳಿ. ಆದರೂ ಆರೋಗ್ಯವಂತ ಮನುಷ್ಯರ ಕೋಶಗಳಲ್ಲಿ ಈ ಕಾಯುವಿಕೆ ಸುಮಾರು ಒಂದೂವರೆ ಗಂಟೆ ದಾಟಿದರೆ ಹುಟ್ಟಿದ ಮರಿಕೋಶಗಳು ಮುಂದೆ ಒಡೆಯುವುದನ್ನೇ ನಿಲ್ಲಿಸಿಬಿಡುತ್ತವೆ ಅಂತ 2010ರಲ್ಲಿ ಪ್ರಯೋಗದಿಂದ ಗೊತ್ತಾಯಿತು. ತಾಯಿಕೋಶ ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವ ಲೆಕ್ಕ ಮಕ್ಕಳಿಗೆ ಹೋಗುತ್ತದೆ. ತಡವಾದಷ್ಟೂ 53ಬಿಪಿ1, ಯುಎಸ್‌ಪಿ28, ಪಿ53 ಎಂಬ ಮೂರು ಪ್ರೋಟೀನ್‌ಗಳು ಒಂದಕ್ಕೊಂದು ಸೇರಿಕೊಂಡ ಗಂಟುಗಳು ಜಾಸ್ತಿಯಾಗುತ್ತಾ ಹೋಗುತ್ತವೆ, ಮರಿಕೋಶಗಳಿಗೆ ಅವೂ ಹಂಚಿಕೆಯಾಗುತ್ತವೆ, ಒಡೆಯುವುದನ್ನು ನಿಲ್ಲಿಸುವುದು ಅವೇ. ಹಲವು ಗೆಡ್ಡೆಗಳ ಕೋಶಗಳಲ್ಲಿ ಈ ಪಿ53 ಕೆಟ್ಟಿರುತ್ತದೆ. ಅಂಥವು ಎಷ್ಟು ತಡ ಮಾಡಿ ಒಡೆದರೂ ಮಕ್ಕಳು ಮತ್ತೆ ಒಡೆಯಲು ಹೊರಡುತ್ತವೆ.